ಎಡಗಣ್ಣಿಗೆ ಕಂಡ ನೀಲಿ

ಮಂಗಳವಾರ, ಬೆಳಿಗ್ಗೆ

ನನ್ನ ಗಿಲಕಿಗೆ,

ಅಮ್ಮನ ಮುತ್ತುಗಳು. ಮುತ್ತು ಮೊದಲೇ ಕೊಟ್ಟುಬಿಡುತ್ತೇನೆ. ಪತ್ರ ಓದಿ ಮುಗಿಸುವ ಹೊತ್ತಿಗೆ ನಿನಗೆ ಅದು ಬೇಕಾಗಿರುತ್ತದೋ ಇಲ್ಲವೋ ಹೇಳಲಾರೆ.

ಕಾಗದ ನೋಡಿ ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನು ಇರುವಾಗ ಇದೇನು ಅಮ್ಮನ ಹೊಸ ಹುಚ್ಚು ಅಂತ. ಫೋನು ಮಾಡಿದೆ ಕಣೇ. ಮೊನ್ನೆ ಮಾಡಿದೆ, ನಿನ್ನೆಯೂ ಮಾಡಿದೆ. ನೀನು ಎತ್ತಿ, ‘ಅಮ್ಮಾ, ಎಡಿಟಿಂಗ್‌ನಲ್ಲಿದ್ದೀನಿ, ಏನಾದ್ರೂ ಅರ್ಜೆಂಟಾ?’ ಅಂದೆ. ನಾನು, ‘ಇಲ್ಲಮ್ಮ, ಸುಮ್ನೆ ಮಾಡ್ದೆ’ ಅಂದೆ. ಅರ್ಜೆಂಟಾ ಅಂತ ಯಾರಾದರೂ ಕೇಳಿಬಿಟ್ಟರೆ ನನಗೆ ಅರ್ಜೆಂಟಾದದ್ದು ಬಾಯಿಗೇ ಬರುವುದಿಲ್ಲ. ಕಣ್ಣಿನ ಡಾಕ್ಟರಮ್ಮ ಇನ್ನೂ ಕೆಲವು ದಿನ ಹೆಚ್ಚು ಓದಬೇಡಿ ಎಂದಿದ್ದಾಳೆ. ಬರೆಯಬೇಡಿ ಎಂದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನ ಕ್ಯಾಮೆರಾದವನು ನಾಳೆ ಬೆಳಿಗ್ಗೆ ಬಂದು, ಇಲ್ಲೇ ಮರೆತುಹೋದ ಲೈಟಿನ ಸ್ಟ್ಯಾಂಡು ತೆಗೆದುಕೊಂಡು ಹೋಗುತ್ತಾನಂತೆ. ಅವನ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತೇನೆ. ಶುಕ್ರವಾರ ನೀನು ಸಿನಿಮಾ ಮುಗಿಸಿ ಚಿತ್ರೋತ್ಸವಕ್ಕೆ ಕಳಿಸುವವಳು. ಅದಕ್ಕೆ ಮುಂಚೆ ಇದು ನಿನಗೆ ಮುಟ್ಟಬೇಕು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನೀನು ಕಳಿಸಿದ್ದನ್ನು ನೋಡಿದೆ. ಪಕ್ಕದ ಮನೆ ಟೀಚರಮ್ಮನ ದೊಡ್ಡ ಟೀವಿಯಲ್ಲಿ ನೋಡಿದೆ, ಆಮೇಲೆ ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸಲ ನೋಡಿದೆ. ಚೆನ್ನಾಗಿದೆ. ಹೆತ್ತವಳು ಅಂತ ಹೇಳುತ್ತಿಲ್ಲ, ಹೊಗಳುವ ವಿಷಯದಲ್ಲಿ ನಾನು ಎಷ್ಟು ಜುಗ್ಗಿ ಅಂತ ನಿನಗೆ ಗೊತ್ತು. ಬ್ರಷ್ ತೊಳೆಯುವಾಗ ನಾನೊಬ್ಬಳೇ ಗೊಣಗುವುದನ್ನು ಹಾಕಿದ್ದೀಯಲ್ಲ, ನಾನು ಹಾಗೆ ಗೊಣಗುತ್ತೇನೆ ಅಂತ ನನಗೇ ತಿಳಿದಿರಲಿಲ್ಲ. ಕುರ್ಚಿ ಎಲ್ಲಿಡಬೇಕು ಅಂತ ನಾವಿಬ್ಬರೂ ಜಗಳ ಆಡಿದ್ದನ್ನು ಹಾಗೇ ಬಿಟ್ಟಿದ್ದೀಯ. ಟೀಚರಮ್ಮ ಅಲ್ಲಿ ಬಿದ್ದು ಬಿದ್ದು ನಕ್ಕಳು. ಒಬ್ಬ ಚಿತ್ರಕಲಾವಿದೆಯ ಬಗ್ಗೆ ಸಾಕ್ಷ್ಯಚಿತ್ರ ಅಂದರೆ ವೀಣೆಯೋ ಕೊಳಲೋ ಹಿಂದೆ ಅಳುತ್ತಿರುತ್ತದೆ, ನಾನು ಕಿಟಕಿಯಾಚೆ ನೋಡುತ್ತಾ ನಿಂತಿರುತ್ತೇನೆ ಅಂದುಕೊಂಡಿದ್ದೆ. ಸದ್ಯ, ಹಾಗೇನೂ ಮಾಡಿಲ್ಲ ನೀನು.

ಆ ಗಡ್ಡದ ವಿಮರ್ಶಕನನ್ನು ಮಾತ್ರ ಅಷ್ಟು ಹೊತ್ತು ಯಾಕೆ ಮಾತಾಡಲು ಬಿಟ್ಟೆಯೋ. ನನ್ನ ಬಕೆಟ್ಟಿನ ಚಿತ್ರದ ಮುಂದೆ ನಿಂತು, ‘ಇದು ಬರಿದಾದ ದಾಂಪತ್ಯ’ ಎನ್ನುತ್ತಾನೆ. ಅದು ಬಕೆಟ್ಟು ಕಣೇ! ಬಚ್ಚಲಲ್ಲಿದ್ದ ಬಕೆಟ್ಟು. ಹಿಡಿಕೆ ಮುರಿದಿತ್ತು, ನೋಡೋಕೆ ಚೆನ್ನಾಗಿತ್ತು, ಬರೆದೆ. ಆಮೇಲೆ ಇಡೀ ಗೋಡೆಯ ಕಡೆ ಕೈ ಬೀಸಿ, ‘ಗಂಡನ ಸಾವಿನ ನಂತರ ಈಕೆಯ ಲೋಕಕ್ಕೆ ನೀಲಿ ಇಳಿಯಿತು, ಇಲ್ಲಿ ಒಂದೊಂದು ಹನಿ ನೀಲಿಯೂ ಅಳದೆ ಉಳಿದ ಕಣ್ಣೀರು’ ಅನ್ನುತ್ತಾನೆ. ಟೀಚರಮ್ಮ ಅಲ್ಲಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನನಗೆ ಕೂತಲ್ಲೇ ಬೆವರು ಬಂತು.

ಒಂದು ನಿಮಿಷ, ಒಲೆ ಮೇಲೆ ನೀರಿಟ್ಟಿದ್ದೆ.

ಇಟ್ಟೇ ಇರಲಿಲ್ಲ. ಒಲೆ ತಣ್ಣಗಿತ್ತು. ಮೂರು ದಿನದಿಂದ ಹೀಗೇ ಆಗಿದೆ ನನ್ನ ಕಥೆ. ಅಡುಗೆಮನೆಗೆ ಹೋದರೆ ಯಾಕೆ ಬಂದೆ ಅಂತ ಮರೆಯುತ್ತದೆ, ವಾಪಸು ಬಂದರೆ ಕೂರಲಾಗುವುದಿಲ್ಲ. ಸುತ್ತಿ ಬಳಸಿ ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ.

ಆ ನೀಲಿ ನಾನು ಹಾಕಿದ್ದಲ್ಲ, ಗಿಲಕಿ. ಅದು ನನ್ನ ಕಣ್ಣಿನ ಪೊರೆ ಹಾಕಿದ್ದು.

ಬೆಪ್ಪಾಗಿ ನೋಡಬೇಡ, ಹೇಳುತ್ತೇನೆ. ಎಡಗಣ್ಣಿನ ಪೊರೆ ತೆಗೆಸಿದೆನಲ್ಲ. ಪಟ್ಟಿ ಬಿಚ್ಚಿದಾಗ ಡಾಕ್ಟರಮ್ಮ, ‘ಹೇಗೆ ಕಾಣಿಸ್ತಿದೆ ಅಮ್ಮಾ?’ ಅಂದಳು. ಅವಳ ಕೋಟು ಬಿಳಿ, ಗೋಡೆ ಬಿಳಿ, ಹಾಸಿಗೆಯ ಬಟ್ಟೆ ಬಿಳಿ. ಬಿಳಿ ಅಂದರೆ ಹೀಗಿರುತ್ತದೆ ಅನ್ನುವುದೇ ಮರೆತುಹೋಗಿತ್ತು ನನಗೆ. ‘ನಿಮ್ಮ ಆಸ್ಪತ್ರೆ ಈಗ ತಾನೇ ತೊಳೆದಂಗಿದೆ’ ಅಂದೆ. ಅವಳು ನಕ್ಕಳು. ನಾನೂ ನಕ್ಕುಕೊಂಡೇ ಮನೆಗೆ ಬಂದೆ. ಚಪ್ಪಲಿ ಬಿಟ್ಟು ನೇರ ಚಿತ್ರ ಬರೆಯುವ ಕೋಣೆಗೆ ಹೋದೆ. ಹೊಸ ಕಣ್ಣಿನಲ್ಲಿ ಕೆಲಸ ನೋಡೋಣ ಅಂತ.

ಯಾರೋ ಒಳಗೆ ಬಂದು ನನ್ನ ಚಿತ್ರಗಳ ಮೇಲೆಲ್ಲ ನೀಲಿ ಸುರಿದು ಹೋಗಿದ್ದಾರೆ ಅನ್ನಿಸಿತು. ಬಕೆಟ್ಟು ನೀಲಿ, ಮೆಟ್ಟಿಲು ನೀಲಿ, ಆ ಮುದಿ ಬೆಕ್ಕು ಕೂಡ ನೀಲಿ. ನಿಜವಾಗಿಯೂ ಟೀಚರಮ್ಮನನ್ನು ಕೂಗಿ ಕರೆದು, ನಾನಿಲ್ಲದಾಗ ಯಾರು ಬಂದಿದ್ದರು ಅಂತ ಗದರಿಸಿದೆ. ಅವಳು ಕಣ್ಣು ಬಾಯಿ ಬಿಟ್ಟುಕೊಂಡು, ‘ಯಾರೂ ಬಂದಿಲ್ವಲ್ಲಾ, ಇವು ಯಾವಾಗ್ಲೂ ಹೀಗೇ ಇದ್ವಲ್ಲಾ’ ಅಂದಳು.

ಎಡಗಣ್ಣು ಉರಿಯಿತು ಅಂತ ಅದನ್ನು ಅಂಗೈಯಿಂದ ಮುಚ್ಚಿಕೊಂಡೆ. ಬಲಗಣ್ಣಿಗೆ ಇನ್ನೂ ಪೊರೆ ಇದೆಯಲ್ಲ. ಎಲ್ಲ ಸರಿಹೋಯಿತು! ನಾನು ಬರೆದ ಹಾಗೇ ಇತ್ತು. ಬಕೆಟ್ಟು ಬೂದು, ಮೆಟ್ಟಿಲು ಬೂದು, ಬೆಕ್ಕು ಬೂದು. ಬೆಳಗಿನ ಹೊತ್ತು ಸೂರ್ಯ ಇನ್ನೂ ಬಾರದಿರುವಾಗ ಮನೆಯೊಳಗೆ ಒಂದು ಬೂದು ಬಣ್ಣ ಇರುತ್ತದಲ್ಲ, ಅದು. ನಾನು ಇಷ್ಟು ವರ್ಷ ಬೆನ್ನುಹತ್ತಿದ್ದು ಅದನ್ನು. ಕೈ ತೆಗೆದೆ, ನೀಲಿ. ಮುಚ್ಚಿದೆ, ಬೂದು. ಈ ಕಣ್ಣು, ಆ ಕಣ್ಣು. ಟೀಚರಮ್ಮ ನನಗೆ ತಲೆ ಕೆಟ್ಟಿತು ಅಂತಲೇ ತಿಳಿದು, ಸದ್ದಿಲ್ಲದೆ ಹೋಗಿ ಒಂದು ಲೋಟ ನೀರು ತಂದಳು.

ಡಾಕ್ಟರಮ್ಮನನ್ನು ಕೇಳಿದೆ. ಹಳೇ ನ್ಯೂಸ್‌ಪೇಪರ್ ಹಳದಿಯಾಗುವ ಹಾಗೆ ಪೊರೆಯೂ ಹಳದಿಯಾಗುತ್ತಾ ಬರುತ್ತದಂತೆ. ನೀಲಿಯನ್ನು ಒಳಗೆ ಬಿಡುವುದಿಲ್ಲವಂತೆ. ಎಷ್ಟು ಮೆಲ್ಲಗೆ ಅಂದರೆ ಆ ಕಣ್ಣಿರುವವರಿಗೇ ಗೊತ್ತಾಗುವುದಿಲ್ಲವಂತೆ. ಬೂದು ಅಂತ ಕಲಸಿದ್ದು ನನ್ನ ಕಣ್ಣಿಗೆ ಕಂದಾಗಿ ಕಂಡಿದೆ, ಸ್ವಲ್ಪ ನೀಲಿ ಸೇರಿಸಿದ್ದೇನೆ. ಇನ್ನೂ ಕಂದಾಗಿ ಕಂಡಿದೆ, ಇನ್ನಷ್ಟು ಸೇರಿಸಿದ್ದೇನೆ. ಬಣ್ಣದಂಗಡಿಯವನ ಜೊತೆ ನಾನು ಆಡಿದ ಜಗಳ ನಿನಗೆ ನೆನಪಿದೆಯಾ? ನಿನ್ನ ನೀಲಿ ಕಲಬೆರಕೆ, ಟ್ಯೂಬುಗಟ್ಟಲೆ ಹಿಂಡಿದರೂ ಏರುವುದಿಲ್ಲ ಅಂತ ಅಂಗಡಿ ತುಂಬ ಜನ ಇರುವಾಗ ಕೂಗಾಡಿ ಬಂದಿದ್ದೆ.

ಎಲ್ಲರೂ ನಿಮ್ಮ ನೀಲಿ, ನಿಮ್ಮ ನೀಲಿ ಅನ್ನುವಾಗ ನನಗೆ ಅನುಮಾನ ಬರಲಿಲ್ಲವೇ ಅಂತ ಕೇಳುತ್ತೀಯ. ಬರಲಿಲ್ಲ. ಅವರು ಬಕೆಟ್ಟನ್ನು ದಾಂಪತ್ಯ ಅನ್ನುವವರು. ಬೂದನ್ನು ನೀಲಿ ಅನ್ನುವುದೂ ಅವರ ಭಾಷೆಯೇ ಇರಬೇಕು ಅಂದುಕೊಂಡೆ.

ಮಧ್ಯಾಹ್ನ

ಬರೆಯುತ್ತಾ ಬರೆಯುತ್ತಾ ಬಣ್ಣದಂಗಡಿಯವನ ನೆನಪಾಯಿತು. ಪೆನ್ನು ಬಿಟ್ಟು, ಕಪ್ಪು ಕನ್ನಡಕ ಏರಿಸಿ, ಬಿಸಿಲಲ್ಲೇ ಹೋಗಿ ಬಂದೆ. ತಪ್ಪಾಯ್ತಪ್ಪ, ನಿನ್ನ ಬಣ್ಣ ಸರಿಯಾಗೇ ಇತ್ತು, ಕೆಟ್ಟಿದ್ದು ನನ್ನ ಕಣ್ಣು ಅಂದೆ. ಅವನು ಪಾಪ ಎದ್ದುನಿಂತು ಸ್ಟೂಲು ಹಾಕಿ ಕೂರಿಸಿ, ಎಲ್ಲ ಕೇಳಿಸಿಕೊಂಡು, ಗಲ್ಲ ಕೆರೆದುಕೊಳ್ಳುತ್ತಾ, ‘ಹಂಗಾದ್ರೆ ಅಮ್ಮಾ, ಇನ್ಮೇಲೆ ನೀಲಿ ಕಮ್ಮಿ ತರಿಸ್ಲಾ?’ ಅಂದ. ನಗು ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ನಗುತ್ತಾ ಬಂದವಳು ನಮ್ಮ ಬಾಗಿಲ ಬೀಗ ತೆಗೆಯುವಾಗ ಸುಮ್ಮನಾದೆ. ಅವನಿಗೆ ಹೇಳುವುದು ಎಷ್ಟು ಸುಲಭವಾಯಿತು. ನಿನಗೆ ಹೇಳುವುದಕ್ಕೆ ಬೆಳಗಿನಿಂದ ಒದ್ದಾಡುತ್ತಿದ್ದೇನೆ.

ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷ ಇಬ್ಬರೂ ಅದರ ಪಕ್ಕದಲ್ಲೇ ಓಡಾಡಿದ್ದೇವೆ, ಮುಟ್ಟಿಲ್ಲ.

ನಿಮ್ಮಪ್ಪ ಹೋದಾಗ ನಾನು ಅಳಲಿಲ್ಲ. ಅತ್ತೆನೋ ಇಲ್ಲವೋ ಅಂತ ನೋಡುತ್ತಿದ್ದವಳು ನೀನೊಬ್ಬಳೇ ಅಲ್ಲ, ಮನೆಗೆ ಬಂದವರೆಲ್ಲ ನೋಡುತ್ತಿದ್ದರು. ಆದರೆ ನನ್ನ ಎದೆಗೆ ನಾಟಿದ್ದು ನಿನ್ನ ನೋಟ. ಬಂದ ನೆಂಟರು ಇನ್ನೂ ಹೋಗಿರಲಿಲ್ಲ, ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಣ್ಣ ಕಲಸಿದೆ. ನೀನು ಬಾಗಿಲು ತಳ್ಳಿಕೊಂಡು ಬಂದು, ‘ಅಪ್ಪ ಅಂದ್ರೆ ನಿನಗೆ ಇಷ್ಟೇನಾ?’ ಅಂದೆ. ನಾನು ತಿರುಗಿಯೂ ನೋಡಲಿಲ್ಲ. ಆ ಕ್ಷಣ ಬ್ರಷ್ ಕೆಳಗಿಟ್ಟಿದ್ದರೆ ಮತ್ತೆ ಎತ್ತುತ್ತಿರಲಿಲ್ಲ, ಅಷ್ಟು ಮಾತ್ರ ಗೊತ್ತಿತ್ತು ನನಗೆ. ಅದನ್ನು ಹೇಳಬಹುದಿತ್ತು, ಬಾಯಿ ಬರಲಿಲ್ಲ.

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗಿ ಅಂತ ನಿಮ್ಮಪ್ಪ ನಿನಗೆ ಗಿಲಕಿ ಅಂತ ಹೆಸರಿಟ್ಟವರು. ಆ ಗಿಲಕಿ ನನ್ನ ಜೊತೆ ಮಾತು ಬಿಟ್ಟಳು. ಹೋಗಿ ತಲುಪಿದೆ ಅಂತ ಒಂದು ಸಾಲು, ಹುಷಾರಿದ್ದೀಯಾ ಅಂತ ಒಂದು ಸಾಲು, ಅಷ್ಟೇ. ಈ ಮನೆಯಲ್ಲಿ ಆಗ ಇದ್ದ ಸದ್ದೆಂದರೆ ನಲ್ಲಿಯದು ಮತ್ತು ನನ್ನದು.

ಆಮೇಲೆ ನನ್ನ ಚಿತ್ರಗಳ ಪ್ರದರ್ಶನ ಆಯಿತು. ನೀನು ಹೇಳದೆ ಕೇಳದೆ ಬಂದೆ. ಜನರ ಹಿಂದೆ ಗೋಡೆಗೆ ಒರಗಿ ನಿಂತಿದ್ದವಳು ಒಂದೊಂದೇ ಚಿತ್ರ ನೋಡುತ್ತಾ ಬಂದು, ಎಲ್ಲರೆದುರಿಗೆ ನನ್ನನ್ನು ತಬ್ಬಿಕೊಂಡು ಅತ್ತೆ. ‘ನನಗೆ ಗೊತ್ತಾಗ್ಲಿಲ್ಲ ಅಮ್ಮಾ, ನೀನು ಇಲ್ಲಿ ಅತ್ತಿದ್ದೀಯ ಅಂತ ನನಗೆ ಗೊತ್ತಾಗ್ಲಿಲ್ಲ’ ಅಂದೆ. ನೀನು ಏನು ಹೇಳುತ್ತಿದ್ದೀಯ ಅಂತ ನನಗೆ ಅರ್ಥವಾಗಲಿಲ್ಲ. ಅರ್ಥ ಯಾರಿಗೆ ಬೇಕಿತ್ತು? ನನ್ನ ಮಗಳು ನನ್ನ ಭುಜದ ಮೇಲಿದ್ದಳು. ಬೆನ್ನು ತಟ್ಟುತ್ತಾ ನಿಂತೆ.

ಅಲ್ಲಿಂದ ಶುರುವಾಯಿತಲ್ಲ ನಿನ್ನ ಸಿನಿಮಾ. ಇದ್ದ ಕೆಲಸ ಬಿಟ್ಟೆ, ಯಾರ್ಯಾರ ಬಾಗಿಲನ್ನೋ ತಟ್ಟಿದೆ, ವರ್ಷಗಟ್ಟಲೆ ನನ್ನ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದೆ. ಹೆಸರು ಕೂಡ ‘ಆನಂತರ ನೀಲಿ’ ಅಂತ ಇಟ್ಟೆ. ಈಗ ನಾನು ಬಂದು, ನಡುವೆ ಇದ್ದದ್ದು ದುಃಖವಲ್ಲ, ಕಣ್ಣಿನ ಪೊರೆ ಅಂದರೆ? ಸಿನಿಮಾ ಹಾಳಾಗುತ್ತದೆ ಅನ್ನುವುದು ನನ್ನ ಹೆದರಿಕೆ ಅಲ್ಲ. ಸಿನಿಮಾ ಹಾಳಾದರೆ ಇನ್ನೊಂದು ಮಾಡುತ್ತೀಯ, ನೀನು ಗಟ್ಟಿಗಿತ್ತಿ. ನೀನು ಮತ್ತೆ ಬಾಗಿಲಲ್ಲಿ ನಿಂತು ಅಪ್ಪ ಅಂದ್ರೆ ನಿನಗೆ ಇಷ್ಟೇನಾ ಅಂತ ಕೇಳಿದರೆ ಏನು ಮಾಡಲಿ? ಮತ್ತೆ ಮಾತು ಬಿಟ್ಟರೆ ಏನು ಮಾಡಲಿ? ಆಗ ಇನ್ನೂ ವಯಸ್ಸಿತ್ತು, ತಡೆದುಕೊಂಡೆ. ಈಗ ಆಗುವುದಿಲ್ಲ. ಇದನ್ನು ಬರೆಯುವುದಕ್ಕೆ ನನಗೆ ನಾಚಿಕೆಯಿಲ್ಲ.

ಹಾಗಾದರೆ ಸುಮ್ಮನಿರಬಹುದಿತ್ತಲ್ಲ ಅನ್ನುತ್ತೀಯ. ಸುಮ್ಮನಿರೋಣ ಅಂತಲೇ ಇದ್ದೆ. ಆದರೆ ಚಿತ್ರೋತ್ಸವದಲ್ಲಿ ಸಿನಿಮಾ ಮುಗಿದ ಮೇಲೆ ನನ್ನನ್ನು ವೇದಿಕೆಗೆ ಹತ್ತಿಸುತ್ತೀಯಂತೆ. ಯಾರೋ ಒಬ್ಬರು ಎದ್ದು ಆ ನೀಲಿಯ ಬಗ್ಗೆ ಹೇಳಿ ಅನ್ನುತ್ತಾರೆ. ನಾನು ಮೈಕು ಹಿಡಿದು ನಿಮ್ಮಪ್ಪನ ಹೆಸರಲ್ಲಿ ಸುಳ್ಳು ಹೇಳಬೇಕು. ಆ ಮನುಷ್ಯ ವಕ್ರವಾದ ಒಂದು ಮೊಳೆಯನ್ನೂ ಹಾಗೇ ಬಿಟ್ಟವರಲ್ಲ.

ನೀನು ಸಿನಿಮಾದಲ್ಲಿ ನಮ್ಮಿಬ್ಬರನ್ನು ದೊಡ್ಡ ಪ್ರೇಮಿಗಳ ಹಾಗೆ ತೋರಿಸಿದ್ದೀಯ. ನೋಡಿ ನನಗೆ ಮುಜುಗರವಾಯಿತು. ಅವರು ಬಡಗಿ, ನಾನು ಚಿತ್ರ ಬರೆಯುವವಳು, ನನ್ನ ಕ್ಯಾನ್ವಾಸುಗಳಿಗೆ ಚೌಕಟ್ಟು ಮಾಡಿಕೊಡಲು ಬಂದವರು ಇಲ್ಲೇ ಉಳಿದರು, ಅಷ್ಟೇ. ಚಿತ್ರ ನೋಡಿ ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಮರ ನೋಡಿ ಹೊಗಳುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ಚೌಕಟ್ಟು ಹೂಡಿ, ಬಟ್ಟೆ ಬಿಗಿದು, ಬಿಳಿ ಬಳಿದು, ಒಣಗಿದ ಮೇಲೆ ಬೆರಳಲ್ಲಿ ತಟ್ಟಿ ನೋಡಿ, ನನ್ನೆದುರು ಎತ್ತಿ ಹಿಡಿದು ಹುಬ್ಬೇರಿಸುತ್ತಿದ್ದರು. ನಾನು ಹೂಂ ಅಂತ ತಲೆಯಾಡಿಸಬೇಕು. ಆಡಿಸಿದರೆ ಗೋಡೆಗೆ ಒರಗಿಸಿ ಹೋಗುತ್ತಿದ್ದರು. ಇಡೀ ದಿನಕ್ಕೆ ಕೆಲವೊಮ್ಮೆ ಅದೇ ನಮ್ಮ ಮಾತುಕತೆ. ಇದರಲ್ಲಿ ಸಿನಿಮಾ ಮಾಡುವಂಥದ್ದು ಏನಿದೆ? ಅವರು ಹೋದ ಮೇಲೆ ಅವರು ಬಿಗಿದಿಟ್ಟ ಕ್ಯಾನ್ವಾಸುಗಳ ಮೇಲೆ ಬರೆದೆ. ಅವು ಮುಗಿದವು. ಈಗ ಅಂಗಡಿಯಿಂದ ತರುತ್ತೇನೆ. ಅವು ಸಡಿಲ, ಮಳೆಗಾಲದಲ್ಲಿ ಜೋಲುತ್ತವೆ, ಏನು ಮಾಡುವುದು.

ಈಗ ಆ ದೃಶ್ಯದ ವಿಷಯ. ಸಿನಿಮಾದ ಕೊನೆಗೆ ಇಟ್ಟಿದ್ದೀಯಲ್ಲ, ನಾನು ಕುರ್ಚಿಯಲ್ಲಿ ಕೂತಿರುವುದು. ಪೋಸ್ಟರಿಗೂ ಅದೇ ಮುಖ ಹಾಕಿದ್ದೀಯಂತೆ. ಅವತ್ತು ಬೆಳಿಗ್ಗೆ ಒಂದೂ ನೆಟ್ಟಗಿರಲಿಲ್ಲ. ಬೆಳಕನ್ನು ತಿರುಗಿಸಿ ಮುಖಕ್ಕೆ ಬೀಳಿಸಲು ತಂದಿದ್ದ ಬಿಳಿ ಥರ್ಮಾಕೋಲ್ ಹಾಳೆಯ ಮೇಲೆ ನಿಮ್ಮ ಸೌಂಡಿನವನು ಕೂತು ಅದನ್ನು ಪುಡಿ ಮಾಡಿದ. ಕ್ಯಾಮೆರಾದವನು ಅವನ ಮೇಲೆ ಹಾರಾಡಿದ, ಆಮೇಲೆ ಅದು ಇದು ಹುಡುಕಿ ಹೇಗೋ ಕೆಲಸ ಸಾಗಿಸಿದ. ನೀನು ಕ್ಯಾಮೆರಾದ ಹಿಂದಿನಿಂದ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, ‘ಅಮ್ಮಾ, ಈ ನೀಲಿಯೆಲ್ಲಾ ಅಪ್ಪನಿಗಾ?’ ಅಂದೆ. ನಾನು ಹೂಂ ಅಂತ ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂತು.

ಟೀಚರಮ್ಮ ಅದನ್ನು ನೋಡಿ ಬಿಕ್ಕಿದಳು. ನಿಮ್ಮ ಮುಖದ ಮೇಲೆ ಅದೆಂಥ ಬೆಳಕು ಅಂದಳು. ನಾನು ಅವಳಿಗೆ ಏನೂ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ಬೆಳಗಿನಿಂದ ಕೂತು ಸೊಂಟ ಹಿಡಿದಿತ್ತು, ಮುಗಿದರೆ ಸಾಕಾಗಿತ್ತು, ತಲೆಯಾಡಿಸಿದೆ. ಪೊರೆ ಬಂದ ಕಣ್ಣಿಗೆ ಬೆಳಕು ಚುಚ್ಚಿ ನೀರು ಬಂತು. ಅದು ಹೌದು ಎಂಬ ಉತ್ತರ ಅಲ್ಲ. ಅದನ್ನು ತೆಗೆ.

ನಾನು ಕೇಳುವುದು ಇಷ್ಟೇ. ಬರುವ ಸೋಮವಾರ ನನ್ನ ಬಲಗಣ್ಣಿನ ಆಪರೇಷನ್. ಆ ಪೊರೆಯೂ ಹೋದ ಮೇಲೆ ನಾನು ಬರೆದ ಬೂದು ಬಣ್ಣ ಈ ಪ್ರಪಂಚದಲ್ಲಿ ಯಾರಿಗೂ ಕಾಣುವುದಿಲ್ಲ. ನಿನಗೆ ಎಂದೂ ಕಂಡಿಲ್ಲ, ಗಡ್ಡದವನಿಗೆ ಕಂಡಿಲ್ಲ, ಸೋಮವಾರದ ನಂತರ ನನಗೂ ಇಲ್ಲ. ಮೂರು ದಿನದಿಂದ ಅದಕ್ಕೇ ಕೋಣೆಗೆ ಹೋಗುವುದು, ಎಡಗಣ್ಣು ಮುಚ್ಚುವುದು, ನೋಡುವುದು. ಆಪರೇಷನ್ ಮುಂದೂಡಿಬಿಡಲಾ ಅಂತಲೂ ಅನ್ನಿಸಿತು. ಡಾಕ್ಟರಮ್ಮ ಬೈದಳು. ನೀನು ಶುಕ್ರವಾರದ ಗಡುವು ಬಿಟ್ಟು ಕ್ಯಾಮೆರಾ ತೆಗೆದುಕೊಂಡು ಬಾ. ನಾನು ಒಂದೊಂದು ಚಿತ್ರದ ಮುಂದೆ ನಿಂತು, ಈ ಕಣ್ಣು ಮುಚ್ಚಿ ಒಂದು ಸಲ, ಆ ಕಣ್ಣು ಮುಚ್ಚಿ ಒಂದು ಸಲ, ಏನು ಕಾಣುತ್ತದೆ ಅಂತ ಹೇಳುತ್ತೇನೆ. ಜನ ನಗಲಿ. ನಗುವಂಥದ್ದೇ ಇದೆ. ಚಿತ್ರೋತ್ಸವ ತಪ್ಪಿದರೆ ನಿನ್ನ ಹೊಟ್ಟೆ ಉರಿಯುತ್ತದೆ ಅಂತ ಗೊತ್ತಿದ್ದೂ ಕೇಳುತ್ತಿದ್ದೇನೆ.

ಬರಲು ಮನಸ್ಸಿಲ್ಲದಿದ್ದರೆ ಆ ತಲೆಯಾಡಿಸಿದ್ದನ್ನಾದರೂ ಕತ್ತರಿಸು. ಅದನ್ನೂ ಮಾಡಲಾರೆ ಅಂದರೆ ಫೋನು ಮಾಡಿ ಬೈಯಿ. ಎಷ್ಟು ಬೇಕಾದರೂ ಬೈಯಿ, ಕೇಳಿಸಿಕೊಳ್ಳುತ್ತೇನೆ. ಸುಮ್ಮನೆ ಮಾತ್ರ ಇರಬೇಡ.

ನಿನ್ನ ಅಮ್ಮ

ಮರೆತ ವಿಷಯ (ಬುಧವಾರ ಬೆಳಿಗ್ಗೆ)

ಕ್ಯಾಮೆರಾದವನು ಬಂದಿದ್ದಾನೆ. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟಿದ್ದೇನೆ. ಬಿಸಿ ಇದೆ, ಊದಿ ಊದಿ ಕುಡಿಯುತ್ತಿದ್ದಾನೆ. ಲಕೋಟೆ ಅಂಟಿಸಲು ಹೋದವಳು ಬಿಚ್ಚಿ ಇನ್ನೊಮ್ಮೆ ಓದಿದೆ. ಸುಳ್ಳು ಬೇಡ ಅಂತ ಇಷ್ಟುದ್ದ ಬರೆದು ಅದರೊಳಗೆ ನಾನೇ ಸುಳ್ಳು ಸೇರಿಸಿದ್ದೇನೆ.

ನಿಮ್ಮಪ್ಪ ಬಿಗಿದ ಕ್ಯಾನ್ವಾಸುಗಳು ಮುಗಿದವು ಅಂತ ಬರೆದಿದ್ದೇನೆ. ಮುಗಿದಿರಲಿಲ್ಲ. ಒಂದಿತ್ತು. ನೀನು ಶೂಟಿಂಗ್ ಶುರು ಮಾಡಿದ ಹೊಸತರಲ್ಲಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೀಯಲ್ಲ, ಅದ್ಯಾವ ಚಿತ್ರ ಅಂತ ಕೇಳಿದ್ದೆ. ನಾನು, ಯಾವುದೋ ಹಳೇದು ಅಂದಿದ್ದೆ. ಅದರ ಮೇಲೆ ಏನೂ ಇಲ್ಲ, ಗಿಲಕಿ. ಅವರು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಬಳಿದು ಒಣಗಲು ಇಟ್ಟದ್ದು. ನನಗೆ ತೋರಿಸಿರಲಿಲ್ಲ. ಅಲ್ಲಿಂದ ವಾಪಸು ಬಂದು ತೋರಿಸುವವರಿದ್ದರು. ನಾನು ಅದನ್ನು ತಿರುಗಿಸಿ ನೋಡಲೂ ಇಲ್ಲ, ಅದರ ಮೇಲೆ ಬರೆಯಲೂ ಇಲ್ಲ. ಗುಡಿಸುವಾಗ ಕೂಡ ಸುತ್ತಿ ಬಳಸಿ ಗುಡಿಸುತ್ತಿದ್ದೆ.

ಅವತ್ತು ಥರ್ಮಾಕೋಲ್ ಪುಡಿಯಾಯಿತಲ್ಲ. ಈ ಕ್ಯಾಮೆರಾದವನು ಬಿಳಿಯದು ಏನಾದರೂ ಬೇಕು ಅಂತ ಕೋಣೆಯೆಲ್ಲ ತಡಕಾಡಿ, ನಾನು ಬೇಡ ಅನ್ನುವಷ್ಟರಲ್ಲಿ ಅದನ್ನು ಎತ್ತಿ ತಿರುಗಿಸಿಬಿಟ್ಟ. ನನ್ನೆದುರು ಎದೆಯ ಮಟ್ಟಕ್ಕೆ ಹಿಡಿದ. ಬೆಳಕು ಸಾಕಾ ಅಂತ ಯಾರನ್ನು ಕೇಳಿದನೋ, ಹುಬ್ಬೇರಿಸಿದ. ನೀನು ಹಿಂದಿನಿಂದ ಏನೋ ಕೇಳುತ್ತಿದ್ದೆ. ನೀನು ಏನು ಕೇಳಿದೆ ಅಂತ ನನಗೆ ಗೊತ್ತಾಗಿದ್ದು ಮೊನ್ನೆ, ಟೀಚರಮ್ಮನ ಟೀವಿಯಲ್ಲಿ. ಅವತ್ತು ನಾನು ನೋಡುತ್ತಿದ್ದುದು ಅದೊಂದನ್ನೇ. ನಿಮ್ಮಪ್ಪ ಚೆನ್ನಾಗಿ ಬಿಗಿದಿದ್ದರು. ಒಂದು ಕಡೆಯೂ ಸುಕ್ಕಿರಲಿಲ್ಲ. ಹೂಂ ಅಂದೆ.

ನನ್ನ ಸೊಂಟವೂ ನೋಯುತ್ತಿರಲಿಲ್ಲ, ಬೆಳಕೂ ಚುಚ್ಚಿರಲಿಲ್ಲ.

ನೀಲಿಯನ್ನು ಏನು ಬೇಕಾದರೂ ಮಾಡು. ಆ ತಲೆಯಾಡಿಸಿದ್ದನ್ನು ತೆಗೆ ಅಂದೆನಲ್ಲ, ತೆಗೆಯಬೇಡ. ನಿನ್ನ ಪ್ರಶ್ನೆಯನ್ನು ಮಾತ್ರ ತೆಗೆ. ಇವನಿಗೆ ಏನೂ ಹೇಳಬೇಡ, ಪಾಪ, ಹೆದರಿಕೊಳ್ಳುತ್ತಾನೆ. ಟೀ ಮುಗಿಸಿದ ಅಂತ ಕಾಣುತ್ತದೆ, ಲೋಟ ತೊಳೆಯುವ ಸದ್ದು ಕೇಳುತ್ತಿದೆ.